ನೃತ್ಯ ತರಗತಿಯನ್ನು ಉದ್ಯಮವಾಗಿ ಬೆಳೆಸುವಾಗ ಬಳಗವನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ | ಸಂಜೆ ತರಗತಿಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಹಿಪ್-ಹಾಪ್, ಪಾಪಿಂಗ್ ಮತ್ತು ಹೌಸ್ ಶೈಲಿಗಳನ್ನು ಕಲಿಸುತ್ತೇನೆ. ಗಂಟೆ ಲೆಕ್ಕದಲ್ಲಿ ಹಾಲ್ ಬಾಡಿಗೆಗೆ ಹಿಡಿದು ಆರಂಭಿಸಿದ ಸಂಜೆಯ ತರಗತಿಗಳು ಈಗ ತುಂಬಿರುವುದರಿಂದ, ನಮ್ಮದೇ ಒಂದು ಸ್ಟುಡಿಯೋಗೆ ಬಾಡಿಗೆ ಕರಾರು ಮಾಡಿಕೊಂಡು ಇದನ್ನೇ ಪೂರ್ಣಾವಧಿಯ ವೃತ್ತಿಯಾಗಿಸಿಕೊಳ್ಳಬೇಕೆಂದು ಯೋಚಿಸುತ್ತಿದ್ದೇನೆ.

ನನ್ನನ್ನು ಕಾಡುತ್ತಿರುವ ವಿಷಯ ಒಂದಿದೆ. ವಾರಾಂತ್ಯದಲ್ಲಿ ಶುಲ್ಕವಿಲ್ಲದೆ ನಡೆಸುವ ಮುಕ್ತ ಅಭ್ಯಾಸಕ್ಕೆ ಹಳೆಯ ವಿದ್ಯಾರ್ಥಿಗಳು, ಬೇರೆಡೆ ಕಲಿತವರು, ಯಾರ ಬಳಿಯೂ ಕಲಿಯದೆ ನೋಡಿ ನೋಡಿಯೇ ಕುಣಿಯುವವರು, ಎಲ್ಲರೂ ಬರುತ್ತಾರೆ, ಮತ್ತು ನಿಜವಾದ ಕಲಿಕೆ ಅಲ್ಲಿಯೇ ಆಗುತ್ತದೆಂದು ನನಗೆ ಅನಿಸುತ್ತದೆ. ಆದರೆ ಶುಲ್ಕ ಕೊಟ್ಟು ವಾರದ ತರಗತಿಗೆ ಬರುವ ಹೊಸಬರಲ್ಲಿ ಹೆಚ್ಚಿನವರು ಕೋರಿಯೋಗ್ರಫಿ ಕಲಿತು, ಕೊನೆಯಲ್ಲಿ ವಿಡಿಯೋ ಮಾಡಿಸಿಕೊಂಡು, ಪಕ್ಕದಲ್ಲಿ ಕುಣಿದವರ ಹೆಸರನ್ನೂ ಕೇಳದೆ ಹೊರಟುಹೋಗುತ್ತಾರೆ. ಸ್ಟುಡಿಯೋ ತೆಗೆದುಕೊಂಡರೆ ಬಾಡಿಗೆಯ ಭಾರ ಹೆಚ್ಚಾಗುತ್ತದೆ. ಆಗ ಮುಕ್ತ ಅಭ್ಯಾಸಕ್ಕೂ ಶುಲ್ಕ ವಿಧಿಸಬೇಕೇ? ವಿಧಿಸಿದರೆ ಈ ಬಳಗ ಉಳಿಯುತ್ತದೆಯೇ? ಇದೇ ಹಾದಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಉತ್ತರ | ಹಿರಿಯ ಬಿ-ಬಾಯ್

ನಮಸ್ಕಾರ ಮೇಡಂ. ಹಣ ಕೇಳಿದರೆ ಈ ಸಂಸ್ಕೃತಿಗೆ ಅಪಚಾರವಾಗುತ್ತದೆಂಬ ಅಳುಕು ನಿಮ್ಮ ಮಾತಿನಲ್ಲಿ ಕಾಣುತ್ತಿರುವುದರಿಂದ, ಮೊದಲು ಅದರ ಬಗ್ಗೆ ಹೇಳುತ್ತೇನೆ. ಹಿಪ್-ಹಾಪ್‌ನ ಹುಟ್ಟುಹಬ್ಬವೆಂದು ಜಗತ್ತು ಆಚರಿಸುವ ದಿನ 1973ರ ಆಗಸ್ಟ್ 11. ಅಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಡ್ಜ್‌ವಿಕ್ ಅವೆನ್ಯೂನ 1520ನೇ ಸಂಖ್ಯೆಯ ವಸತಿ ಕಟ್ಟಡದಲ್ಲಿ ಪಾರ್ಟಿಯನ್ನು ಏರ್ಪಡಿಸಿದ್ದು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ. ಶಾಲೆ ಮತ್ತೆ ಆರಂಭವಾಗುವ ಹೊತ್ತಿಗೆ ಹೊಸ ಬಟ್ಟೆ ಕೊಳ್ಳಲು ಹಣ ಕೂಡಿಸುವುದು ಆಕೆಯ ಉದ್ದೇಶವಾಗಿತ್ತು. ಅದಕ್ಕಾಗಿ ಬಾಗಿಲಲ್ಲಿ ಸಣ್ಣದೊಂದು ಪ್ರವೇಶ ಶುಲ್ಕವಿತ್ತು. ಹಾಡು ಹಾಕಿದ್ದು ಆಕೆಯ ಅಣ್ಣ, ಡಿಜೆ ಕೂಲ್ ಹರ್ಕ್. ಹಾಡಿನ ನಡುವೆ ತಾಳವಾದ್ಯ ಮಾತ್ರ ಉಳಿಯುವ ತುಣುಕಿಗೆ ಜನ ಹೆಚ್ಚು ಉತ್ಸಾಹದಿಂದ ಕುಣಿಯುವುದನ್ನು ಗಮನಿಸಿ, ಆ ತುಣುಕನ್ನೇ ಎರಡು ಗ್ರಾಮಫೋನ್ ತಟ್ಟೆಗಳಲ್ಲಿ ಬದಲಿಸಿ ಬದಲಿಸಿ ನುಡಿಸಿ ಉದ್ದಗೊಳಿಸುವುದು ಅವರ ವಿಧಾನವಾಯಿತು. ಆ ಬ್ರೇಕ್‌ಗಳಿಗೆ ಕುಣಿದವರೇ ಬಿ-ಬಾಯ್ ಮತ್ತು ಬಿ-ಗರ್ಲ್‌ಗಳಾದರು. ಆದ್ದರಿಂದ ಈ ನೃತ್ಯದ ಪಕ್ಕದಲ್ಲಿ ಹಣ ಮೊದಲ ದಿನದಿಂದಲೂ ಇದೆ. ಆದರೆ ಶುಲ್ಕ ಇದ್ದದ್ದು ಬಾಗಿಲಲ್ಲಿ. ಒಳಗೆ ಕುಣಿಯುವವರ ನಡುವೆ ಮುಂದೆ ಬರಬೇಕಾದರೆ ಕುಣಿತವನ್ನೇ ಕೊಡಬೇಕಿತ್ತು. ನಿಮ್ಮ ಸ್ಟುಡಿಯೋದಲ್ಲಿಯೂ ಇದೇ ವ್ಯತ್ಯಾಸವನ್ನು ಕಾಯ್ದುಕೊಳ್ಳಿ: ತರಗತಿಗೆ ಧೈರ್ಯವಾಗಿ, ನ್ಯಾಯವಾದ ಶುಲ್ಕ ಪಡೆಯಿರಿ, ಸೈಫರ್‌ಗೆ, ಅಂದರೆ ಎಲ್ಲರೂ ವೃತ್ತವಾಗಿ ನಿಂತು ಸರದಿಯಂತೆ ನಡುವೆ ಬಂದು ಕುಣಿಯುವ ಮುಕ್ತ ಕುಣಿತಕ್ಕೆ, ಬೆಲೆ ಕಟ್ಟಬೇಡಿ.

ಇನ್ನು ಹೊಸಬರು ಒಬ್ಬರ ಹೆಸರನ್ನೊಬ್ಬರು ಕೇಳದೆ ಹೋಗುತ್ತಾರೆಂಬ ಮಾತು. ತರಗತಿಯುದ್ದಕ್ಕೂ ಎಲ್ಲರೂ ಕನ್ನಡಿಗೆ ಮುಖಮಾಡಿ ನಿಂತಿದ್ದರೆ ಅದು ಸಹಜವೇ ಆಗಿದೆ. ಲಾಸ್ ಏಂಜಲೀಸ್‌ನಲ್ಲಿ ಡಾನ್ ಕ್ಯಾಂಪ್‌ಬೆಲ್ ರೂಪಿಸಿದ ಲಾಕಿಂಗ್ ಆಗಲಿ, ಫ್ರೆಸ್ನೋದಲ್ಲಿ ಬೂಗಾಲೂ ಸ್ಯಾಮ್ ಮತ್ತು ಅವರ ತಂಡ ಬೆಳೆಸಿದ ಪಾಪಿಂಗ್ ಆಗಲಿ, ಒಬ್ಬರನ್ನೊಬ್ಬರು ನೋಡುತ್ತ ಹರಡಿದ ಶೈಲಿಗಳು. ನನ್ನ ತರಗತಿಯ ಕೊನೆಯ ಕಾಲು ಗಂಟೆಯಲ್ಲಿ ಎಲ್ಲರೂ ಕನ್ನಡಿಗೆ ಬೆನ್ನು ಮಾಡಿ ವೃತ್ತವಾಗಿ ನಿಲ್ಲುತ್ತಾರೆ. ಮೊದಲ ಸುತ್ತಿನಲ್ಲಿ ಯಾರೂ ಒಬ್ಬರೇ ಒಳಗೆ ಹೋಗುವುದಿಲ್ಲ. ಮೂವರು ಒಟ್ಟಿಗೆ ಹೋಗಿ, ಎಂಟು ಎಣಿಕೆಯವರೆಗೆ ಬರಿಯ ಗ್ರೂವ್ ಮಾಡಿ (ತಾಳಕ್ಕೆ ಮೈ ತೂಗಿ), ಹೊರಬರುವಾಗ ಮುಂದಿನ ಮೂವರನ್ನು ಹೆಸರು ಹಿಡಿದು ಕರೆಯುತ್ತಾರೆ. ಕರೆಯಬೇಕೆಂದರೆ ಹೆಸರು ಗೊತ್ತಿರಲೇಬೇಕು. ಎರಡನೆಯ ಸುತ್ತಿನಲ್ಲಿ ಅಂದು ಕಲಿತ ಒಂದೇ ಒಂದು ಹೆಜ್ಜೆಯನ್ನು ತಮಗೆ ಬೇಕಾದಂತೆ ತಿರುಗಿಸಬೇಕು. ಮೊದಲ ವಾರ ಗೋಡೆಗೆ ಅಂಟಿಕೊಂಡು ನಿಂತವರು ಕೆಲವು ವಾರಗಳಲ್ಲಿ ತಾವಾಗಿಯೇ ಒಳಗೆ ಹೆಜ್ಜೆಯಿಡುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ, ಮತ್ತು ವಾರಾಂತ್ಯದ ಅಭ್ಯಾಸಕ್ಕೆ ಬರಲು ಅವರಿಗೆ ಬೇರೆ ಆಹ್ವಾನ ಬೇಕಾಗುವುದಿಲ್ಲ.

ಉತ್ತರ | ಸ್ಟುಡಿಯೋ ಲೆಕ್ಕ ನೋಡುವವರು

ಮೇಲೆ ಸರ್ ಬರೆದಿರುವುದನ್ನು ಒಪ್ಪುತ್ತೇನೆ, ಆದರೆ ಶುಲ್ಕವಿಲ್ಲದ ಅಭ್ಯಾಸಕ್ಕೂ ಖರ್ಚಿದೆ ಎಂಬುದನ್ನು ಸೇರಿಸಬೇಕಾಗಿದೆ. ಆ ಗಂಟೆಗಳ ಬಾಡಿಗೆ ಮತ್ತು ವಿದ್ಯುತ್ ಖರ್ಚನ್ನು ಲೆಕ್ಕದ ಪುಸ್ತಕದಲ್ಲಿ ಪ್ರತ್ಯೇಕ ಬಾಬ್ತಾಗಿ ಬರೆದುಕೊಳ್ಳಿ ಮತ್ತು ಅದನ್ನು ತರಗತಿಯ ಶುಲ್ಕದಿಂದಲೇ ಭರಿಸುವಂತೆ ಶುಲ್ಕ ನಿಗದಿಪಡಿಸಿ. ಹೀಗೆ ಮಾಡದಿದ್ದರೆ, ಆದಾಯ ಕುಸಿದ ತಿಂಗಳಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಕರಾರಿಗೆ ಸಹಿ ಹಾಕುವ ಮುನ್ನ ಒಂದು ಲೆಕ್ಕವನ್ನು ತಪ್ಪದೆ ಮಾಡಿ. ನೃತ್ಯ ಸ್ಟುಡಿಯೋದ ಬಾಡಿಗೆ ದಿನವಿಡೀ ಓಡುತ್ತದೆ, ಆದರೆ ವಿದ್ಯಾರ್ಥಿಗಳು ಬರುವುದು ಶಾಲೆ ಮತ್ತು ಕಚೇರಿ ಬಿಟ್ಟ ನಂತರದ ಕೆಲವೇ ಗಂಟೆಗಳಲ್ಲಿ ಮತ್ತು ವಾರಾಂತ್ಯದಲ್ಲಿ. ಆದ್ದರಿಂದ ಬಾಡಿಗೆ, ವಿಮೆ, ಸಾರ್ವಜನಿಕವಾಗಿ ಹಾಡು ನುಡಿಸಲು ಬೇಕಾದ ಪರವಾನಗಿ, ಸಹಶಿಕ್ಷಕರ ಸಂಭಾವನೆ ಮತ್ತು ನಿಮ್ಮ ಸ್ವಂತ ಸಂಬಳ, ಇವೆಲ್ಲವನ್ನೂ ಕೂಡಿಸಿ, ನಿಜವಾಗಿ ತುಂಬಬಲ್ಲ ಆ ಗಂಟೆಗಳಿಗಷ್ಟೇ ಹಂಚಿ ನೋಡಿ. ಸ್ವಂತ ಸಂಬಳವನ್ನು ಬಿಟ್ಟು ಲೆಕ್ಕ ಹಾಕುವವರು ಬಹಳ ಮಂದಿ. ಅಂಥ ಲಾಭ ಲಾಭವಲ್ಲ. ಪ್ರತಿ ತರಗತಿಯೂ ಪೂರ್ತಿ ತುಂಬಿದರೆ ಮಾತ್ರ ಖರ್ಚು ಸರಿದೂಗುತ್ತದೆಂದು ಲೆಕ್ಕ ಹೇಳಿದರೆ ಆ ಜಾಗ ನಿಮಗೆ ದುಬಾರಿ. ಅರ್ಧಕ್ಕಿಂತ ತುಸು ಹೆಚ್ಚು ತುಂಬಿದಾಗಲೇ ಸರಿದೂಗಿದರೆ, ಪರೀಕ್ಷೆಯ ದಿನಗಳನ್ನೂ ಸುದೀರ್ಘ ರಜೆಗಳನ್ನೂ ದಾಟಬಹುದು. ಹಗಲಿನ ಖಾಲಿ ಗಂಟೆಗಳನ್ನು ನಾಟಕ ತಂಡಗಳಿಗೋ ಬೇರೆ ಶಿಕ್ಷಕರಿಗೋ ಕೊಡಬಹುದು.

ನೆಲದ ವಿಷಯದಲ್ಲಿ ಜಿಪುಣತನ ಬೇಡ. ಕಾಂಕ್ರೀಟಿನ ಮೇಲೆ ನೇರವಾಗಿ ಟೈಲ್ಸ್ ಹಾಕಿದ ಜಾಗದಲ್ಲಿ ಹೌಸ್‌ನ ಹೆಜ್ಜೆಗಳನ್ನು ಗಂಟೆಗಟ್ಟಲೆ ಮಾಡಿದರೆ ಮೊಣಕಾಲು ಮತ್ತು ಮೀನಖಂಡಗಳಿಗೆ ನೋವು ಖಚಿತ. ಕೆಳಗೆ ತುಸು ಪುಟಿಯುವ ಮರದ ಚೌಕಟ್ಟು ಇರಲಿ. ಮುಂದೆ ಬ್ರೇಕಿಂಗ್ (ನೆಲದ ಮೇಲೆ ಉರುಳಿ ತಿರುಗುವ ಬಿ-ಬಾಯ್‌ಗಳ ನೃತ್ಯ) ಕಲಿಸುವುದಾದರೆ ಮೇಲ್ಮೈ ನುಣುಪಾಗಿಯೂ ಸಂದುಗಳಿಲ್ಲದೆಯೂ ಇರಬೇಕು.

ಬಂದ ದಿನಕ್ಕಷ್ಟೇ ಶುಲ್ಕ ಕೊಡುವ ವ್ಯವಸ್ಥೆಯೊಂದನ್ನೇ ನಂಬಿಕೊಳ್ಳಬೇಡಿ. ಹೊಸಬರಿಗೆ ಎಂಟು ವಾರಗಳ ಒಂದು ಪಾಠಕ್ರಮವಿಟ್ಟರೆ ಆದಾಯ ಮೊದಲೇ ತಿಳಿಯುತ್ತದೆ. ಅದೇ ಮುಖಗಳು ಪ್ರತಿ ವಾರ ಸೇರುವುದರಿಂದ ಪರಿಚಯವೂ ಬೆಳೆಯುತ್ತದೆ.

ಉತ್ತರ | ವಿದ್ಯಾರ್ಥಿನಿಯಾಗಿ ಬಂದು ಸಹಶಿಕ್ಷಕಿಯಾದವಳು

ಮೇಡಂ, ಕಲಿಯಲು ಬಂದವರ ಕಡೆಯಿಂದ ಎರಡು ಮಾತು. ವಿಡಿಯೋ ಕೆಟ್ಟದ್ದಲ್ಲ, ನಾನೂ ಒಂದು ವಿಡಿಯೋ ನೋಡಿಯೇ ತರಗತಿಗೆ ಸೇರಿದವಳು. ಆದರೆ ಪ್ರತಿ ತರಗತಿಯ ಕೊನೆಯಲ್ಲಿ ಚೆನ್ನಾಗಿ ಕುಣಿಯುವ ಕೆಲವರನ್ನು ಮಾತ್ರ ಆರಿಸಿ ಚಿತ್ರೀಕರಿಸಿದಾಗ ಉಳಿದವರು ಪ್ರೇಕ್ಷಕರಾಗುತ್ತಾರೆ ಮತ್ತು ಮುಂದಿನ ತಿಂಗಳು ಬರುವುದಿಲ್ಲ. ನಮ್ಮಲ್ಲಿ ಚಿತ್ರೀಕರಣ ಇರುವ ದಿನವನ್ನು ಮೊದಲೇ ತಿಳಿಸುತ್ತೇವೆ, ಬೇಡವೆಂದವರನ್ನು ಒತ್ತಾಯಿಸುವುದಿಲ್ಲ ಮತ್ತು ಮಕ್ಕಳಿದ್ದರೆ ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಏನನ್ನೂ ಪ್ರಕಟಿಸುವುದಿಲ್ಲ.

ಎರಡನೆಯದು, ಶೈಲಿಯ ಹಿನ್ನೆಲೆಯನ್ನು ಹೇಳಿಕೊಡುವುದು. ವ್ಯಾಕಿಂಗ್ (waacking) ಶೈಲಿ 1970ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಸಲಿಂಗಿ ಸಮುದಾಯದ ಕ್ಲಬ್ಬುಗಳಲ್ಲಿ, ವೋಗಿಂಗ್ ನ್ಯೂಯಾರ್ಕಿನ ಕಪ್ಪು ಹಾಗೂ ಲ್ಯಾಟಿನೋ ಸಲಿಂಗಿ ಮತ್ತು ಲಿಂಗತ್ವ ಅಲ್ಪಸಂಖ್ಯಾತರ ಬಾಲ್‌ರೂಮ್ ಎಂಬ ಸ್ಪರ್ಧಾ ಕೂಟಗಳಲ್ಲಿ ಬೆಳೆದವೆಂದು ತಿಳಿದ ದಿನ, ನಮ್ಮ ತರಗತಿಯಲ್ಲಿ ಅದುವರೆಗೆ ಮೌನವಾಗಿದ್ದ ಕೆಲವರು ಮೊದಲ ಬಾರಿಗೆ ತಮ್ಮ ಬಗ್ಗೆ ಮಾತನಾಡಿದರು. ಹೊರಗೆ ಜಾಗ ಸಿಗದವರು ಕಟ್ಟಿಕೊಂಡ ನೃತ್ಯವಿದೆಂದು ಗೊತ್ತಾದರೆ, ಇಲ್ಲಿ ತಮಗೂ ಜಾಗವಿದೆ ಎಂಬ ಭರವಸೆ ಹುಟ್ಟುತ್ತದೆ. ಆ ಭರವಸೆಯಿಂದ ಬರುವವರು ವರ್ಷಗಟ್ಟಲೆ ಉಳಿಯುತ್ತಾರೆ.

ಪೋಷಕರ ಕುರಿತೂ ಒಂದು ಎಚ್ಚರಿಕೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್‌ಗೆ ಸ್ಥಾನ ಸಿಕ್ಕಿ, ಜಪಾನಿನ ಬಿ-ಗರ್ಲ್ ಆಮಿ ಮತ್ತು ಕೆನಡಾದ ಬಿ-ಬಾಯ್ ಫಿಲ್ ವಿಜಾರ್ಡ್ ಚಿನ್ನ ಗೆದ್ದ ಮೇಲೆ, ಮಕ್ಕಳನ್ನು ಸೇರಿಸಲು ಬರುವವರು ಪದಕದ ಬಗ್ಗೆಯೇ ಕೇಳುತ್ತಾರೆ. 2028ರ ಲಾಸ್ ಏಂಜಲೀಸ್ ಕ್ರೀಡಾಕೂಟದ ಪಟ್ಟಿಯಲ್ಲಿ ಬ್ರೇಕಿಂಗ್ ಇಲ್ಲ. ಪದಕದ ಆಸೆ ತೋರಿಸಿ ಪ್ರವೇಶಾತಿ ಹೆಚ್ಚಿಸಿಕೊಳ್ಳಲು ದಯವಿಟ್ಟು ಹೋಗಬೇಡಿ.

ಮರುಪ್ರಶ್ನೆ | ಸಂಜೆ ತರಗತಿಯ ಶಿಕ್ಷಕಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನೋಡಿಟ್ಟಿದ್ದ ಜಾಗಕ್ಕೆ ಮೇಲಿನ ಲೆಕ್ಕವನ್ನು ಹಾಕಿ ನೋಡಿದೆ. ಅದು ನಮಗೆ ದೊಡ್ಡದು. ಇನ್ನೊಬ್ಬ ಶಿಕ್ಷಕರೊಂದಿಗೆ ಹಂಚಿಕೊಳ್ಳಬಹುದಾದ ಸಣ್ಣ ಜಾಗವನ್ನು ಹುಡುಕುತ್ತೇನೆ. ಮುಕ್ತ ಅಭ್ಯಾಸ ಶುಲ್ಕವಿಲ್ಲದೆಯೇ ಮುಂದುವರಿಯಲಿದೆ. ವರ್ಷಕ್ಕೊಮ್ಮೆ ಬ್ಯಾಟಲ್ (ಎದುರುಬದುರು ನಿಂತು ಕುಣಿಯುವ ಸ್ಪರ್ಧೆ) ಏರ್ಪಡಿಸಿದರೆ ಹೊಸಬರು ಹೆದರಿ ದೂರ ಸರಿಯುತ್ತಾರೆಯೇ?

ಉತ್ತರ | ಹಿರಿಯ ಬಿ-ಬಾಯ್

ಜೋಡಿ ಸ್ಪರ್ಧೆಯಾಗಿ ಮಾಡಿ ಮೇಡಂ. ಫ್ರಾನ್ಸಿನಲ್ಲಿ 2002ರಲ್ಲಿ ಆರಂಭವಾದ ಜುಸ್ತ್ ದೆಬು ಎಂಬ ನೃತ್ಯ ಸ್ಪರ್ಧೆಯ ಮುಖ್ಯ ವಿಭಾಗಗಳೂ ಇಬ್ಬರೆದುರು ಇಬ್ಬರು ಎಂಬ ಮಾದರಿಯವೇ. ಪಕ್ಕದಲ್ಲಿ ಜೊತೆಗಾರರಿದ್ದರೆ ಹೊಸಬರಿಗೆ ಧೈರ್ಯ ಬರುತ್ತದೆ. ಹಳಬರೊಬ್ಬರು ಹೊಸಬರೊಬ್ಬರು ಎಂಬಂತೆ ಚೀಟಿ ಎತ್ತಿ ಜೋಡಿ ಕಟ್ಟಿ ಮತ್ತು ಅವರಿಗೆ ಒಟ್ಟಿಗೆ ಅಭ್ಯಾಸ ಮಾಡಲು ಒಂದು ತಿಂಗಳಾದರೂ ಸಮಯ ಕೊಡಿ. ತೀರ್ಪುಗಾರರನ್ನು ಹೊರಗಿನಿಂದ ಕರೆಸಿ, ಅವರಿಗೆ ಸಂಭಾವನೆ ಕೊಡಿ, ಮತ್ತು ಸುತ್ತುಗಳು ಮುಗಿದ ಮೇಲೆ ಸೋತ ಜೋಡಿಗಳೊಂದಿಗೆ ಕುಳಿತು ಏನು ಚೆನ್ನಾಗಿತ್ತು, ಏನನ್ನು ತಿದ್ದಬೇಕು ಎಂದು ಹೇಳಲು ಅವರಿಂದ ಮೊದಲೇ ಅರ್ಧ ಗಂಟೆ ಕೇಳಿಟ್ಟುಕೊಳ್ಳಿ.