ಕೈಯಲ್ಲಿ ಕಾಸಿಲ್ಲದಾಗ ಮತ ಹಾಕಲು ಊರಿಗೆ ಹೋದವರು ಹೇಗೆ ನಿಭಾಯಿಸಿದಿರಿ?

ಪ್ರಶ್ನೆ: ನಾನು, ನನ್ನ ಹೆಂಡತಿ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕಿದ್ದೇವೆ. ಇಬ್ಬರ ಮತವೂ ಕೊಪ್ಪಳ ಜಿಲ್ಲೆಯ ನಮ್ಮ ಊರಿನಲ್ಲಿದೆ. ಬಾಡಿಗೆ ಬಾಕಿ ಉಳಿದಿದೆ, ಸಂಘದ ವಾರದ ಕಂತು ತಲೆಯ ಮೇಲೆ ಕುಳಿತಿದೆ. ಬಸ್ಸಿನ ಖರ್ಚು, ತಪ್ಪುವ ಕೂಲಿ ಲೆಕ್ಕ ಹಾಕಿದರೆ ಮುಂದಿನ ಚುನಾವಣೆಗೆ ಹೋಗುವುದೇ ಬೇಡ ಎನಿಸುತ್ತದೆ. ಇಂಥ ಹೊತ್ತಿನಲ್ಲಿ ನೀವೇನು ಮಾಡಿದಿರಿ?

ಉತ್ತರ: ನಾನೂ ನಿಮ್ಮ ಜಿಲ್ಲೆಯವನೇ, ಗಾರೆ ಕೆಲಸದವನು. 2024ರ ಲೋಕಸಭಾ ಚುನಾವಣೆಯಲ್ಲಿ ನಮಗೆ ತೊಡಕಾದದ್ದು ದಿನಾಂಕ. ಬೆಂಗಳೂರಿನಲ್ಲಿ ಏಪ್ರಿಲ್ 26ರಂದು ಮತದಾನ, ಕೊಪ್ಪಳದಲ್ಲಿ ಮೇ 7ರಂದು. ‘ರಜೆ ಏಪ್ರಿಲ್‌ನಲ್ಲೇ ಮುಗಿಯಿತಲ್ಲ’ ಎಂದರು ಗುತ್ತಿಗೆದಾರರು. ಹಾಗಲ್ಲ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಂ ಪ್ರಕಾರ ರಜೆ ಸಿಗಬೇಕಾದದ್ದು ನಮ್ಮ ಮತದಾನ ಇರುವ ದಿನ. ಕೆಲಸ ಬೇರೆ ಕ್ಷೇತ್ರದಲ್ಲಿದ್ದರೂ ಸಿಗಬೇಕು, ದಿನಗೂಲಿಯವರಿಗೂ ಸಿಗಬೇಕು, ಆ ದಿನದ ಕೂಲಿ ಹಿಡಿಯುವಂತಿಲ್ಲ. ಕೊಡದ ಮಾಲೀಕನಿಗೆ ದಂಡ ಮಾತ್ರ 500 ರೂಪಾಯಿ ಮೀರುವುದಿಲ್ಲ. ಇಷ್ಟಕ್ಕೆ ಯಾರು ಹೆದರುತ್ತಾರೆ ಎಂಬ ಸಿಟ್ಟು ನನಗೆ ಇಂದಿಗೂ ಇದೆ.

ಹಾಗಾಗಿ ಕೊನೆಯ ದಿನದವರೆಗೆ ಕಾಯಬೇಡಿ, ಒಬ್ಬರೇ ಹೋಗಿ ಕೇಳಲೂ ಬೇಡಿ. ನಾವು ಊರ ಕಡೆಯವರೆಲ್ಲ ಬಟವಾಡೆಯ ದಿನವೇ ಒಟ್ಟಾಗಿ ಹೋಗಿ ರಜೆಯ ಸುದ್ದಿ ಬಂದಿದ್ದ ಪತ್ರಿಕೆಯನ್ನು ಗುತ್ತಿಗೆದಾರರ ಮುಂದಿಟ್ಟೆವು. ಗೊಣಗಿಕೊಂಡೇ ಒಪ್ಪಿದರು. ಮರಳಿ ಬಂದಾಗ ಒಬ್ಬೊಬ್ಬರ ಎಡಗೈಯ ತೋರುಬೆರಳು ಹಿಡಿದು, ಸಿಮೆಂಟು ಮೆತ್ತಿದ ಉಗುರನ್ನು ಒರೆಸಿ, ಬುಡದಲ್ಲಿ ಮಸಿ ಕಂಡ ಮೇಲೆಯೇ ಪುಸ್ತಕದಲ್ಲಿ ಹಾಜರಿ ಬರೆದರು. ಬೆರಳು ತೋರಿಸಿದರೇ ಕೂಲಿ ಎಂದು ಕಾಯ್ದೆ ಹೇಳುವುದಿಲ್ಲ. ಆದರೂ ತೋರಿಸಿದೆವು, ನಮಗೆ ಕೂಲಿ ಬೇಕಿತ್ತು. ಪ್ರಯಾಣಕ್ಕೆ ಹೆಚ್ಚಿನ ದಿನ ಹಿಡಿದರೆ ಅದರ ಕೂಲಿಯನ್ನು ಕಾಯ್ದೆ ಕೊಡಿಸದು, ಹೀಗಾಗಿ ರಾತ್ರಿ ಹೊರಟು ರಾತ್ರಿಯೇ ಮರಳುವ ಲೆಕ್ಕ ಇಟ್ಟುಕೊಳ್ಳಿ. ಹಂಪಿ ಎಕ್ಸ್‌ಪ್ರೆಸ್ಸಿನ ಸಾಮಾನ್ಯ ಬೋಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಆದರೆ ಖಾಸಗಿ ಬಸ್ಸಿನವರು ಆ ವಾರ ಕೇಳುವ ದರದ ಮುಂದೆ ಅದೇ ವಾಸಿ.

ಇನ್ನೊಂದು ಮಾತು. ‘ಬಸ್ ನಾವೇ ಮಾಡುತ್ತೇವೆ, ಊಟ ನಮ್ಮದು, ತಲೆಗೆ ಇಷ್ಟು’ ಎನ್ನುವವರು ಕೆಲಸದ ಜಾಗಕ್ಕೇ ಬರುತ್ತಾರೆ. ಸಾಲದಲ್ಲಿರುವವರು ಯಾರು ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ. ಮತಕ್ಕೆ ಹಣ ಕೊಡುವುದರಂತೆ ತೆಗೆದುಕೊಳ್ಳುವುದೂ ಅಪರಾಧ, ಒಂದು ವರ್ಷದವರೆಗೆ ಜೈಲಾಗಬಹುದು. ಜೇಬು ಖಾಲಿಯಿದ್ದವನಿಗೆ ಉಪದೇಶ ಹೇಳಲು ನನಗೆ ಮನಸ್ಸಿಲ್ಲ. ಆದರೆ ಆ ಹಣದಲ್ಲಿ ನಿಮ್ಮ ಬಾಡಿಗೆ ತೀರುವುದಿಲ್ಲ. ನಮ್ಮ ಓಣಿಯ ಹೆಂಗಸೊಬ್ಬರು ಆಮೇಲೆ ನಲ್ಲಿ ನೀರು ಕೇಳಲು ಹೋದಾಗ ‘ಅಂದೇ ಕೊಟ್ಟಿದ್ದೇವಲ್ಲ’ ಎಂದು ಹಣ ಹಂಚಿದವರು ಅಂದದ್ದನ್ನು ಪಕ್ಕದಲ್ಲೇ ನಿಂತು ಕೇಳಿದ್ದೇನೆ. ಆ ಹೆಂಗಸಿನ ಮುಖ ಕೆಂಪಾಯಿತು, ಮಾತು ಹೊರಡಲಿಲ್ಲ. ದಯವಿಟ್ಟು ಆ ಬಸ್ ಹತ್ತಬೇಡಿ.

ಉತ್ತರ: ನಾನು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಯವಳು. ನಿಮ್ಮ ಹೆಂಡತಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ಆಧಾರ್ ಕೈಯಲ್ಲಿರಲಿ. ಎಸಿ, ಸ್ಲೀಪರ್, ರಾಜಹಂಸ ಬಸ್ಸುಗಳಿಗೆ ಅನ್ವಯಿಸುವುದಿಲ್ಲ, ಕೆಂಪು ಬಸ್ಸನ್ನೇ ಹುಡುಕಬೇಕು. ಒಬ್ಬರ ಖರ್ಚು ಉಳಿದರೂ ಉಳಿಯಿತು.

ಕಂತಿನ ವಿಷಯ. ನಮ್ಮ ಸಂಘದ ವಸೂಲಿ ಮತದಾನದ ದಿನಕ್ಕೇ ಬಿದ್ದಿತ್ತು. ಹಿಂದಿನ ವಾರವೇ ಎಲ್ಲ ಸದಸ್ಯೆಯರೂ ಸೇರಿ ವಸೂಲಿಗೆ ಬರುವ ಹುಡುಗನಿಗೆ ಹೇಳಿ ಎರಡು ದಿನ ಮುಂದಕ್ಕೆ ಹಾಕಿಸಿಕೊಂಡೆವು. ಹೇಳದೆ ಊರಿಗೆ ಹೋದರೆ ಫೋನಿನ ಮೇಲೆ ಫೋನು ಬಂದು ಜೀವ ಹಿಂಡುತ್ತದೆ. ಕಿರುಸಾಲದವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗಾಗಿ ಕರೆ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ, ಧೈರ್ಯವಾಗಿ ಹೇಳಿ. ಮತ ಹಾಕಲೆಂದು ಬಡ್ಡಿಗೆ ಕೈಸಾಲ ಮಾತ್ರ ಮಾಡಬೇಡಿ. ಹೋಗಲು ಆಗದಿದ್ದರೆ ಅದು ನಿಮ್ಮ ತಪ್ಪೂ ಅಲ್ಲ.

ಉತ್ತರ: ನಾನು ಮತವನ್ನು ಬೆಂಗಳೂರಿಗೇ ವರ್ಗಾಯಿಸಿಕೊಂಡೆ. ನಮೂನೆ 8 ತುಂಬಬೇಕು, ಶುಲ್ಕವಿಲ್ಲ. ಬಾಡಿಗೆ ಕರಾರು ಇಲ್ಲದವರು ಇಲ್ಲಿನ ವಿಳಾಸವಿರುವ ಆಧಾರ್ ಅಥವಾ ಬ್ಯಾಂಕ್ ಪಾಸ್‌ಬುಕ್ ಕೊಡಬಹುದು. ಮತ ವರ್ಗಾಯಿಸಿದರೆ ರೇಷನ್ ಕಾರ್ಡ್ ರದ್ದಾಗುತ್ತದೆ ಎಂದು ಊರಿನಲ್ಲಿ ಹೆದರಿಸುತ್ತಾರೆ, ನಂಬಬೇಡಿ, ಎರಡೂ ಬೇರೆ ಬೇರೆ ಪಟ್ಟಿಗಳು.

ಕಳೆದುಕೊಳ್ಳುವುದೂ ಒಂದಿದೆ, ಅದನ್ನು ಮುಚ್ಚಿಡಬಾರದು. ಊರಿನ ಪಟ್ಟಿಯಿಂದ ಹೆಸರು ಹೋದರೆ ಗ್ರಾಮ ಪಂಚಾಯಿತಿ ಚುನಾವಣೆಯಲ್ಲೂ ಮತವಿರುವುದಿಲ್ಲ. ನನಗೆ ಊರಿನಲ್ಲಿ ಹೊಲವಿಲ್ಲ, ಮಕ್ಕಳ ಶಾಲೆ ಇಲ್ಲೇ, ಹಾಗಾಗಿ ಸರಿಹೋಯಿತು. ನನ್ನ ಅಣ್ಣನಿಗೆ ಅಲ್ಲಿ ಎರಡು ಎಕರೆ ಇದೆ, ಅವನು ವರ್ಗಾಯಿಸಲಿಲ್ಲ, ಅವನ ನಿರ್ಧಾರವೂ ಸರಿಯೇ. ನೀವಿಬ್ಬರೂ ಕುಳಿತು ಮಾತಾಡಿ. ವರ್ಗಾಯಿಸುವುದಾದರೆ ಚುನಾವಣೆ ಘೋಷಣೆಯಾಗುವವರೆಗೆ ಕಾಯದೆ ಈಗಲೇ ಅರ್ಜಿ ಹಾಕಿ, ಅನುಮಾನವಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ ಕೇಳಿ.