ಪದಚರ್ಚೆ: ಚೆಸ್‌ನ ‘ಓಪನಿಂಗ್’ಗೆ ‘ಒಡ್ಡಣ’ ಸರಿಹೋದೀತೇ?

ಎಲ್ಲರಿಗೂ ನಮಸ್ಕಾರ.

ಸಾಗರದ ಕಡೆ ಶಾಲೆಯ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಮಳೆ ಹಿಡಿದು ಮೈದಾನ ಕೆಸರಾಯಿತೆಂದರೆ ಇಲ್ಲಿ ಮಣೆಯ ಮುಂದೆ ಕೂರುವವರಿಗೆ ಬರವಿಲ್ಲ. ಆನೆ, ಕುದುರೆ, ಒಂಟೆ, ಮಂತ್ರಿ, ಕಾಲಾಳು ಎಲ್ಲವೂ ಅವರ ಬಾಯಲ್ಲಿವೆ. ತೊಡಕು ಬಂದಿರುವುದು ‘ಓಪನಿಂಗ್’ ಎಂಬಲ್ಲಿ.

‘ಆರಂಭ’, ‘ಆರಂಭಿಕ ನಡೆ’ ಎಂದರೆ ತಪ್ಪೇನಿಲ್ಲ. ಆದರೆ ಅದು ಯಾವಾಗ ಎಂಬುದನ್ನಷ್ಟೇ ಹೇಳುತ್ತದೆ. ಆಗ ಏನು ಮಾಡಬೇಕು ಎಂಬುದು ಅದರಲ್ಲಿಲ್ಲ. ಮಕ್ಕಳು ಮೊಬೈಲ್ ನೋಡಿ ಹತ್ತು ನಡೆ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಎದುರಿನವರು ಮೂರನೆಯದಕ್ಕೇ ಬೇರೆ ದಾರಿ ಹಿಡಿದರೆ ದಿಕ್ಕು ತೋಚದೆ ಕೂರುತ್ತಾರೆ. ಇಲ್ಲವೇ ಇ4, ಇ5 (ಮಣೆಯ ಮನೆಗಳನ್ನು ಎಯಿಂದ ಎಚ್‌ವರೆಗಿನ ಅಕ್ಷರ, 1ರಿಂದ 8ರವರೆಗಿನ ಅಂಕಿಗಳಿಂದ ಗುರುತಿಸುತ್ತೇವೆ) ಆದದ್ದೇ ತಡ, ಮಂತ್ರಿಯನ್ನು ಎಚ್5ಕ್ಕೆ ಓಡಿಸುತ್ತಾರೆ. ಕಪ್ಪಿನವರು ಕುದುರೆ ಸಿ6, ಆಮೇಲೆ ಜಿ6, ಕುದುರೆ ಎಫ್6 ಎಂದು ಆಡುತ್ತ ಹೋದರೆ ಮಂತ್ರಿ ಓಡಾಡುವುದರಲ್ಲೇ ಬಿಳಿಯ ನಡೆಗಳು ಮುಗಿಯುತ್ತವೆ, ಕಪ್ಪಿನ ಪಡೆ ಸಜ್ಜಾಗಿರುತ್ತದೆ. ನಡುವಿನ ಮನೆಗಳನ್ನು ಹಿಡಿ, ಕುದುರೆ ಒಂಟೆಗಳನ್ನು ಹೊರಡಿಸು, ರಾಜನಿಗೆ ಕೋಟೆ ಕಟ್ಟು: ಇಷ್ಟೂ ಒಂದು ಮಾತಿನಲ್ಲಿ ಬರಬೇಕು.

ಅದಕ್ಕೇ ‘ಒಡ್ಡಣ’ ಹಿಡಿಸಿತು. ಹಳಗನ್ನಡದ ಯುದ್ಧವರ್ಣನೆಗಳಲ್ಲಿ ಒಡ್ಡು, ಒಡ್ಡಣ ಎಂದರೆ ಸೈನ್ಯವನ್ನು ಅಣಿಗೊಳಿಸಿ ನಿಲ್ಲಿಸುವುದು, ವ್ಯೂಹ. ಯಕ್ಷಗಾನ ನೋಡಿ ಬೆಳೆದ ನಮ್ಮ ಮಕ್ಕಳಿಗೆ ‘ಒಡ್ಡೋಲಗ’ ಗೊತ್ತಿರುವುದರಿಂದ ಪದ ತೀರಾ ಹೊಸದೂ ಆಗದು. ನಮ್ಮ ಹಿರಿಯರ ದೇಸಿ ಚದುರಂಗಕ್ಕಂತೂ ಇದು ಇನ್ನೂ ಒಪ್ಪುತ್ತದೆ. ಕಾಲಾಳಿಗೆ ಮೊದಲ ಸಲವೂ ಒಂದೇ ಮನೆ ಎಂಬ ಆ ಆಟದಲ್ಲಿ ಕೈ ಕೈ ಹತ್ತುವ ಮೊದಲು ಪಡೆ ಕಟ್ಟುವ ಕೆಲಸವೇ ದೊಡ್ಡದು.

ನನಗೆ ಹೆಚ್ಚು ಸಂತೋಷ ಕೊಟ್ಟದ್ದು ‘ಗ್ಯಾಂಬಿಟ್’, ಅಂದರೆ ಮೇಲುಗೈಗಾಗಿ ಆಟದ ಮೊದಲಲ್ಲೇ ಕಾಲಾಳನ್ನೋ ಕಾಯನ್ನೋ ಎದುರಾಳಿಯ ಮುಂದಿಡುವುದು. ಸ್ಪೇನಿನ ಪಾದ್ರಿ ರೂಯ್ ಲೋಪೆಜ್ 1561ರ ತನ್ನ ಪುಸ್ತಕದಲ್ಲಿ ಇದನ್ನು ಚೆಸ್‌ಗೆ ತಂದದ್ದು, ಕಾಲು ಕೊಟ್ಟು ಬೀಳಿಸುವ ಇಟಲಿಯ ಕುಸ್ತಿ ಪಟ್ಟಿನಿಂದ. ಕನ್ನಡದಲ್ಲಿ ‘ತ್ಯಾಗ’, ‘ಬಲಿ’ ಎಂದರೆ ಕಾಯಿ ಹೋಯಿತೆಂದೇ ಅರ್ಥ. ಹಾಗಾಗಬೇಕಿಲ್ಲ. ಡಿ4, ಡಿ5, ಸಿ4 ಆದ ಮೇಲೆ ಕಪ್ಪು ಸಿ4ರ ಕಾಲಾಳನ್ನು ಹೊಡೆಯಲಿ. ಬಿಳಿ ಇ3 ಆಡಿದಾಗ, ಸಿಕ್ಕಿದ್ದನ್ನು ಉಳಿಸಿಕೊಳ್ಳಲು ಬಿ5 ಎಂದರೆ, ಎ4, ಸಿ6. ಬಿ5ರಲ್ಲಿ ಕಾಲಾಳುಗಳು ಒಂದನ್ನೊಂದು ಹೊಡೆದ ಮೇಲೆ ಮಂತ್ರಿ ಎಫ್3ಕ್ಕೆ ಬಂತೆಂದರೆ ಮೂಲೆಯ ಆನೆಗೇ ಕುತ್ತು. ಒಂದು ಕಾಯಿ ಕೊಡದೆ ಕಪ್ಪಿಗೆ ಬಿಡುಗಡೆಯಿಲ್ಲ. ಇದು ‘ಒಡ್ಡುವುದು’: ಪಣ ಒಡ್ಡಿದಂತೆ, ಬಲೆ ಒಡ್ಡಿದಂತೆ. ಒಡ್ಡಿದ್ದನ್ನು ತೆಗೆದುಕೊಳ್ಳಬಹುದು, ಒಲ್ಲೆನ್ನಬಹುದು. ಆಟದಲ್ಲೂ ಆ ಎರಡು ಕವಲುಗಳಿವೆ.

ಹಾಗಾಗಿ ಓಪನಿಂಗ್‌ಗೆ ‘ಒಡ್ಡಣ’, ಗ್ಯಾಂಬಿಟ್‌ಗೆ ‘ಒಡ್ಡು’ ಎಂದು ಇಟ್ಟುಕೊಂಡಿದ್ದೇನೆ. ಎರಡೂ ಒಂದೇ ಬೇರಿನವಾದ್ದರಿಂದ ಮಕ್ಕಳಿಗೆ ಗೊಂದಲವಾದೀತೇ? ಗದ್ದೆಯ ಕಡೆ ಒಡ್ಡು ಎಂದರೆ ಮಣ್ಣಿನ ಏರಿ ಕೂಡ. ಅದು ಅಡ್ಡ ಬರುತ್ತದೆಯೇ? ಇನ್ನೊಂದು: ಕಾಯಿಗಳ ‘ಡೆವಲಪ್‌ಮೆಂಟ್’ ಅನ್ನು ‘ಅಭಿವೃದ್ಧಿ’ ಎನ್ನಲು ನನಗೆ ಮನಸ್ಸೊಪ್ಪುವುದಿಲ್ಲ, ‘ಹೊರಡಿಸು’ ಎನ್ನುತ್ತಿದ್ದೇನೆ. ನಿಮ್ಮೂರಿನ ಹಿರಿಯರು ಚದುರಂಗ ಆಡುವಾಗ ಇದಕ್ಕೆ ಏನೆನ್ನುತ್ತಿದ್ದರು, ದಯವಿಟ್ಟು ತಿಳಿಸಿ.