ಇಳಿಜಾರಿನ ಸ್ಪ್ರಿಂಗ್ ಲೆಕ್ಕಕ್ಕೆ ಶಕ್ತಿ ಸಂರಕ್ಷಣೆಯೊಂದೇ ಸಾಕೇ?

ತ್ರಾಸು:
2 ಕಿಲೋಗ್ರಾಂ ದ್ರವ್ಯರಾಶಿಯ ಬ್ಲಾಕ್ ಒಂದು ಘರ್ಷಣೆಯಿಲ್ಲದ 30 ಡಿಗ್ರಿ ಇಳಿಜಾರಿನಲ್ಲಿ ನಿಂತಲ್ಲಿಂದ ಹೊರಟು, 0.8 ಮೀಟರ್ ಜಾರಿ, ಕೆಳಗೆ ಬಿಗಿದಿರುವ ಸ್ಪ್ರಿಂಗಿಗೆ ತಗಲುತ್ತದೆ. ಸ್ಪ್ರಿಂಗ್ ಸ್ಥಿರಾಂಕ ಮೀಟರಿಗೆ 500 ನ್ಯೂಟನ್. ಗುರುತ್ವ ವೇಗೋತ್ಕರ್ಷವನ್ನು 10 ಎಂದಿಟ್ಟುಕೊಳ್ಳೋಣ. ಸ್ಪ್ರಿಂಗ್ ಅತಿ ಹೆಚ್ಚೆಂದರೆ ಎಷ್ಟು ಕುಗ್ಗುತ್ತದೆ? ನನ್ನ ಬಳಿ ಓದುವವರಲ್ಲಿ ಅನೇಕರು 0.8 ಮೀಟರಿಗೆ ಸಲ್ಲುವ 8 ಜೂಲನ್ನಷ್ಟೇ ಸ್ಪ್ರಿಂಗಿನ ಲೆಕ್ಕಕ್ಕೆ ಹಾಕಿ, 17.9 ಸೆಂಟಿಮೀಟರ್ ಎಂದು ಬರೆಯುತ್ತಾರೆ. ಸ್ಪ್ರಿಂಗ್ ಕುಗ್ಗುತ್ತಿರುವಾಗಲೂ ಬ್ಲಾಕ್ ಕೆಳಗಿಳಿಯುತ್ತಲೇ ಇರುತ್ತದೆ ಎಂಬುದನ್ನು ಅವರು ಮರೆಯುತ್ತಾರೆ. ಸ್ಪ್ರಿಂಗ್ ಕುಗ್ಗುವ ದೂರವನ್ನು ಎಕ್ಸ್ ಮೀಟರ್ ಎಂದಿಟ್ಟು ಇಡೀ ಇಳಿತವನ್ನು ಗಣಿಸಿದರೆ 10 × (0.8 + ಎಕ್ಸ್) = 250 × ಎಕ್ಸ್ ವರ್ಗ (10 ಎಂಬುದು ಇಳಿಜಾರಿನಗುಂಟ ಎಳೆಯುವ ಭಾರದ ಭಾಗ, 250 ಎಂಬುದು ಸ್ಪ್ರಿಂಗ್ ಸ್ಥಿರಾಂಕದ ಅರ್ಧ); ಉತ್ತರ ಸರಿಯಾಗಿ 20 ಸೆಂಟಿಮೀಟರ್. ಬ್ಲಾಕಿನ ಮೇಲಿನ ಬಲಗಳನ್ನು ಬಾಣಗಳಿಂದ ತೋರಿಸುವ ಬಲಗಳ ಚಿತ್ರ ಬಿಡಿಸುವ ಅಗತ್ಯವೇ ಇಲ್ಲ.

ಲಂಬರೇಖೆ:
"ಅಗತ್ಯವೇ ಇಲ್ಲ" ಎಂಬ ಮಾತನ್ನು ನಾನು ಒಪ್ಪಲಾರೆ. ಬ್ಲಾಕಿನ ವೇಗ ಎಲ್ಲಿ ಅತ್ಯಧಿಕ ಎಂದು ಅದೇ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಸ್ಪ್ರಿಂಗಿಗೆ ತಗಲಿದ ಕ್ಷಣದಲ್ಲಿ ಎನ್ನುತ್ತಾರೆ. ಆಗ ವೇಗ ಸೆಕೆಂಡಿಗೆ 2.83 ಮೀಟರ್. ಆದರೆ ಸ್ಪ್ರಿಂಗಿನ ಬಲ ಇಳಿಜಾರಿನಗುಂಟ ಎಳೆಯುವ 10 ನ್ಯೂಟನ್ನಿಗೆ ಸಮನಾಗುವುದು ಇನ್ನೂ 2 ಸೆಂಟಿಮೀಟರ್ ಒಳಗೆ ಹೋದ ಮೇಲೆ, ಮತ್ತು ಅಲ್ಲಿಯವರೆಗೂ ವೇಗ ಏರುತ್ತಲೇ ಇದ್ದು 2.85 ತಲುಪುತ್ತದೆ. ಬಲಗಳ ಚಿತ್ರವಿಲ್ಲದೆ ಇದು ಕಣ್ಣಿಗೆ ಬೀಳುವುದಿಲ್ಲ. ತಗಲಿದ ಕ್ಷಣದಿಂದ ನಿಲ್ಲುವವರೆಗೆ ಹಿಡಿಯುವ 0.106 ಸೆಕೆಂಡನ್ನು ನಿಮ್ಮ ಒಂದು ಸಾಲಿನ ಸಮೀಕರಣ ಹೇಗೆ ಕೊಡುತ್ತದೆ?

ತಳಬಿಂದು:
ತ್ರಾಸು ಅವರು "ಮರೆಯುತ್ತಾರೆ" ಎನ್ನುತ್ತಿದ್ದಾರೆ. ವಿದ್ಯಾರ್ಥಿಗಳು ಮರೆಯುವುದಿಲ್ಲ, ಮರೆಯುವಂತೆ ನಾವೇ ಕಲಿಸುತ್ತೇವೆ. ಸ್ಪ್ರಿಂಗಿಗೆ ತಗಲುವ ಜಾಗವನ್ನು ಎತ್ತರದ ಸೊನ್ನೆಯೆಂದು ಹಲಗೆಯ ಮೇಲೆ ಗುರುತಿಸಿದೊಡನೆ ಅದರ ಕೆಳಗಿನ ಇಳಿತ ಮನಸ್ಸಿನಿಂದ ಅಳಿಸಿಹೋಗುತ್ತದೆ. ಸೊನ್ನೆಯನ್ನು ಯಾವಾಗಲೂ ಅತ್ಯಂತ ಕೆಳಗಿನ ಬಿಂದುವಿನಲ್ಲಿಯೇ ಇಡಬೇಕು. ಆಗ ಈ ತಪ್ಪು ಹುಟ್ಟುವುದೇ ಇಲ್ಲ.

ತ್ರಾಸು:
ಲಂಬರೇಖೆಯವರೇ, ಗರಿಷ್ಠ ವೇಗವೂ ನನ್ನ ಸಮೀಕರಣದಲ್ಲಿಯೇ ಇದೆ. ಬಲಬದಿಯನ್ನು ಎಡಬದಿಯಿಂದ ಕಳೆದರೆ ಉಳಿಯುವುದೇ ಚಲನಶಕ್ತಿ. ಅದು ಎಲ್ಲಿ ಗರಿಷ್ಠ ಎಂದು ಹುಡುಕಿದರೆ ನಿಮ್ಮ 2 ಸೆಂಟಿಮೀಟರ್ ತಾನಾಗಿ ಸಿಗುತ್ತದೆ.

ಸಮತೋಲ:
"ಯಾವಾಗಲೂ" ಎಂಬ ಪದಕ್ಕೆ ನನ್ನ ಬಲವಾದ ಆಕ್ಷೇಪವಿದೆ. ಸೊನ್ನೆಯನ್ನು ಎಲ್ಲಿಟ್ಟರೂ ವ್ಯತ್ಯಾಸ ಬದಲಾಗುವುದಿಲ್ಲ. ತಗಲುವ ಬಿಂದುವಿನಲ್ಲಿಯೇ ಇಟ್ಟು ನೋಡಿ: ಹೊರಡುವಾಗ 8 ಜೂಲ್, ತಳದಲ್ಲಿ ಗುರುತ್ವದ ಪ್ರಚ್ಛನ್ನ ಶಕ್ತಿ ಮೈನಸ್ 2, ಸ್ಪ್ರಿಂಗಿನದು 10, ಒಟ್ಟು ಮತ್ತೆ 8. ಇದರಲ್ಲಿ ಏನು ಅಳಿಸಿಹೋಯಿತು?

ತಳಬಿಂದು:
ಆ "ಮೈನಸ್ 2" ಬರೆಯುವಲ್ಲಿಯೇ ಹುಡುಗರು ಎಡವುತ್ತಾರೆ. ಹತ್ತು ಉತ್ತರಪತ್ರಿಕೆ ತಿದ್ದಿದವರಿಗೆ ಇದು ಗೊತ್ತು. ಶಕ್ತಿ ಋಣವಾಗುವುದು ಹೇಗೆಂದು ಹೆದರಿ ಚಿಹ್ನೆ ಬದಲಿಸಿ ಪ್ಲಸ್ 2 ಮಾಡುತ್ತಾರೆ, ಅಥವಾ ಆ ಪದವನ್ನೇ ಕೈಬಿಡುತ್ತಾರೆ.

ಸಮತೋಲ:
ಹೆದರುತ್ತಾರೆಂಬ ಕಾರಣಕ್ಕೆ ಋಣ ಪ್ರಚ್ಛನ್ನ ಶಕ್ತಿಯನ್ನು ಮುಚ್ಚಿಟ್ಟರೆ, ಮುಂದೆ ಗ್ರಹಗಳ ಗುರುತ್ವ ಶಕ್ತಿಯನ್ನು ಅನಂತ ದೂರದಲ್ಲಿ ಸೊನ್ನೆಯೆಂದು ಹಿಡಿದು ಬರೆಯುವಾಗ ಅವರಿಗೆ ಏನು ಹೇಳುತ್ತೀರಿ? ಅಲ್ಲಿ ಎಲ್ಲವೂ ಋಣವೇ. ಇನ್ನೊಂದು ಮಾತು: ನಿಮ್ಮ ತಳದ ಬಿಂದು ಎಲ್ಲಿದೆ ಎಂಬುದೇ ಲೆಕ್ಕದ ಪ್ರಶ್ನೆ. ಇನ್ನೂ ಪತ್ತೆಯಾಗದ ಜಾಗದಿಂದ ಎತ್ತರವನ್ನು ಅಳೆಯಲು ಹೊರಟಿದ್ದೀರಿ.

ತಳಬಿಂದು:
ಗ್ರಹಗಳನ್ನು ಇಲ್ಲಿಗೆ ಎಳೆದು ತರಬೇಡಿ! ಪತ್ತೆಯಾಗದ ಜಾಗದಿಂದ ಅಳೆಯುವುದೇ ಈ ಕ್ರಮದ ಗುಣ. ಆರಂಭದ ಎತ್ತರವನ್ನು ಬರೆಯಬೇಕಾದರೆ 0.8ರ ಪಕ್ಕದಲ್ಲಿ ಎಕ್ಸ್ ಕೂಡಿಸದೆ ಗತ್ಯಂತರವಿಲ್ಲ. ಮರೆಯುವ ಅವಕಾಶವನ್ನೇ ಅದು ಕೊಡುವುದಿಲ್ಲ. ನೀವು ನನ್ನ ಮಾತನ್ನು ಓದದೆಯೇ ಉತ್ತರಿಸುತ್ತಿದ್ದೀರಿ.

ಲಂಬರೇಖೆ:
ಸೊನ್ನೆಯ ಜಗಳದ ನಡುವೆ ಘರ್ಷಣೆಯ ಮಾತನ್ನು ಯಾರೂ ಎತ್ತಲಿಲ್ಲ. ಘರ್ಷಣಾಂಕ 0.2 ಆದರೆ 3.46 ನ್ಯೂಟನ್ ಬಲ ಚಲನೆಯನ್ನು ತಡೆಯುತ್ತದೆ, ಸ್ಪ್ರಿಂಗ್ ಕುಗ್ಗುವುದು 15.8 ಸೆಂಟಿಮೀಟರ್ ಮಾತ್ರ. ಆ 3.46 ಬಂದದ್ದು ಬ್ಲಾಕಿನ ಮೇಲಿನ ಲಂಬ ಬಲದಿಂದ (ಇಳಿಜಾರು ತನ್ನ ಮೇಲ್ಮೈಗೆ ಲಂಬವಾಗಿ ಬ್ಲಾಕನ್ನು ತಳ್ಳುವ ಬಲ), ಅಂದರೆ ತ್ರಾಸು ಅವರು ಬೇಡವೆಂದ ಅದೇ ಚಿತ್ರದಿಂದ.

ತ್ರಾಸು:
ಘರ್ಷಣೆ ಬಂದರೂ ನಾನು ಬರೆಯುವುದು ಶಕ್ತಿಯ ಲೆಕ್ಕವನ್ನೇ. ಅದು ಮಾಡಿದ ಕೆಲಸವನ್ನು ಕಳೆಯುತ್ತೇನೆ, ಅಷ್ಟೆ. ನನ್ನ ಮೂಲ ಪ್ರಶ್ನೆಯಲ್ಲಿ ಘರ್ಷಣೆ ಇರಲಿಲ್ಲ.

ಸಮತೋಲ:
ನಾನು ಓದಿದ್ದೇನೆ, ತಳಬಿಂದು ಅವರೇ. "ಅವಕಾಶವನ್ನೇ ಕೊಡುವುದಿಲ್ಲ" ಎಂದಿರಿ. ಸೊನ್ನೆಯನ್ನು ತಳದಲ್ಲಿಟ್ಟೂ, ಚಿತ್ರದಲ್ಲಿ ಸ್ಪ್ರಿಂಗನ್ನು ಕುಗ್ಗದಂತೆ ಬಿಡಿಸಿ, ಆರಂಭದ ಎತ್ತರವನ್ನು 0.8ರ ಅರ್ಧವೆಂದೇ ಬರೆದ ವಿದ್ಯಾರ್ಥಿನಿಯನ್ನು ನಾನು ಕಳೆದ ವಾರವಷ್ಟೇ ತಿದ್ದಿದೆ. ಆಕೆಗೆ ನೆರವಾದದ್ದು ಸೊನ್ನೆಯ ಜಾಗವಲ್ಲ. ಬ್ಲಾಕನ್ನು ಸ್ಪ್ರಿಂಗಿಗೆ ತಾಗಿಸಿಯೇ ಹಿಡಿದು, ದೂಡದೆ ಕೈಬಿಟ್ಟರೆ ಏನಾಗುತ್ತದೆ ಎಂದು ಕೇಳಿದೆ. 0.8ರ ಜಾಗದಲ್ಲಿ ಸೊನ್ನೆ ಬರುತ್ತದೆ. ಆಕೆಯ ಕ್ರಮದಲ್ಲಿ ಸ್ಪ್ರಿಂಗ್ ಕುಗ್ಗುವುದೇ ಇಲ್ಲ. ಬ್ಲಾಕಿನ ಭಾರಕ್ಕೆ ಸ್ಪ್ರಿಂಗ್ ಕುಗ್ಗದಿರಲು ಸಾಧ್ಯವೇ ಎಂದೊಡನೆ ತಾನೇ ಎಕ್ಸ್ ಸೇರಿಸಿ 4 ಸೆಂಟಿಮೀಟರ್ ಎಂದಳು.

ಲಂಬರೇಖೆ:
ಆ 4 ಎಂಬುದು ಬಲಗಳು ಸಮನಾಗುವ 2 ಸೆಂಟಿಮೀಟರಿನ ಸರಿಯಾಗಿ ಎರಡರಷ್ಟು. ತಳದಲ್ಲಿ ಬ್ಲಾಕ್ ನಿಂತಿತೆಂದರೆ ಬಲಗಳೂ ಸಮನಾದವು ಎಂದು ತಿಳಿಯುವವರು 2 ಎಂದೇ ಬರೆದುಬಿಡುತ್ತಾರೆ. ಮೊದಲ ಲೆಕ್ಕದ ತಳದಲ್ಲಿ ಸ್ಪ್ರಿಂಗ್ 100 ನ್ಯೂಟನ್ ಬಲದಿಂದ ಮೇಲಕ್ಕೆ ತಳ್ಳುತ್ತಿರುತ್ತದೆ, ಕೆಳಕ್ಕೆ ಎಳೆಯುವುದು 10 ಮಾತ್ರ. ಇದನ್ನು ಯಾವ ಜೂಲ್ ಲೆಕ್ಕ ತೋರಿಸುತ್ತದೆ? 0.106 ಸೆಕೆಂಡಿನ ಪ್ರಶ್ನೆಗೂ ಇನ್ನೂ ಉತ್ತರ ಬಂದಿಲ್ಲ.

ತಳಬಿಂದು:
ಸಮತೋಲ ಅವರ ವಿದ್ಯಾರ್ಥಿನಿ ಕೊನೆಗೆ ಸೇರಿಸಿದ್ದು ಅದೇ ಎಕ್ಸ್ ಅನ್ನು, ಅಂದರೆ ತಳದವರೆಗಿನ ಇಳಿತವನ್ನು. ನಾನು ಮೊದಲಿನಿಂದ ಹೇಳುತ್ತಿರುವುದೂ ಅದನ್ನೇ. ಚಿತ್ರವನ್ನು ತಪ್ಪಾಗಿ ಬಿಡಿಸಿದರೆ ಅದು ಸೊನ್ನೆಯ ದೋಷವಲ್ಲ.